ಅಪ್ಪನ ಮೀಸೆ

ಸ್ಟ್ರಾಟಿಸ್,

ಅಪ್ಪ ಇವತ್ತು ಬೆಳಿಗ್ಗೆ ಮೀಸೆ ಬೋಳಿಸಿಕೊಂಡು ಬಂದ! ಈ ಕಾಗದ ಕಳಿಸುವುದಿಲ್ಲವಾದರೂ ಇದನ್ನು ಮೊದಲು ನಿನಗೇ ಹೇಳಬೇಕೆನಿಸಿತು.

ನಿನ್ನೆಯ ಯುರೋಪಿನ ಹಾಡಿನ ಸ್ಪರ್ಧೆಯನ್ನು ಸಮುದ್ರದಾಚೆ ನಿನ್ನ ದ್ವೀಪದಲ್ಲಿ ನೀನೂ ನೋಡಿರುತ್ತೀಯ. ಅಂಕ ಕೊಡಲು ನಿಮ್ಮ ಗ್ರೀಸಿನ ಸರದಿ ಬಂದಾಗ ಅಪ್ಪ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು, "ಆಚೆ ದಡದವರು ನಮ್ಮ ಹಾಡಿಗೆ ಒಂದಂಕ ಕೊಟ್ರೂ ಮೀಸೆ ಬೋಳಿಸ್ಕೋತೀನಿ" ಎಂದ.

"ಈ ಮಾತು ಹಿಂದೆಯೂ ಒಂದ್ಸಲ ಕೇಳಿದ್ದೆ ಕಣ್ರೀ" ಎಂದಳು ಅಮ್ಮ.

ನೀನು ಹೆಣ್ಣು ಕೇಳಲು ಚಾಕೊಲೇಟ್ ಡಬ್ಬಿ ಹಿಡಿದು ಬಂದ ದಿನದ ಮಾತು ಅದು. ಹೆಣ್ಣು ಕೇಳಲು ಬಂದವನನ್ನು ಪರೀಕ್ಷಿಸುವ ನಮ್ಮ ವಾಡಿಕೆಯಂತೆ ನಾನು ಉಪ್ಪು ಹಾಕಿ ಕೊಟ್ಟ ಕಾಫಿಯನ್ನು ನೀನು ಮುಖ ಕಿವುಚದೆ ಕುಡಿದಿದ್ದೆ. ಅಪ್ಪ ಮಾತ್ರ, "ಆಚೆ ದಡದವನಿಗೆ ಮಗಳನ್ನ ಕೊಟ್ರೆ ಮೀಸೆ ಬೋಳಿಸ್ಕೋತೀನಿ" ಎಂದಿದ್ದ.

ನಿಮ್ಮವರು ಧಾರಾಳವಾಗಿಯೇ ಅಂಕ ಕೊಟ್ಟರು. ಕೊನೆಗೆ ನಮ್ಮ ಹಾಡೇ ಗೆದ್ದಿತು! ಬೀದಿ ತುಂಬ ಹಾರ್ನು, ಕುಣಿತ. ಅಪ್ಪನೂ ಮೀಸೆಯ ಮಾತು ಮರೆತು ಕುಣಿದ. ಪಕ್ಕದ ಮನೆಯ ಪೆರಿಹಾನ್ ಬಿಟ್ಟರೆ ತಾನೆ? "ನೆಜ್ಮಿಯಣ್ಣ, ಗಂಡಸಿಗೆ ಮಾತು ಒಂದೇ! ಕ್ಷೌರದಂಗಡಿ ಬೆಳಿಗ್ಗೇನೇ ತೆಗೀತಾರೆ."

ಅಪ್ಪನ ಮೇಲ್ತುಟಿ ಥೇಟ್ ನನ್ನದೇ, ಗೊತ್ತಾ? ಇಷ್ಟು ವರ್ಷ ನೋಡೇ ಇರಲಿಲ್ಲ. ಅಮ್ಮ ನಕ್ಕೂ ನಕ್ಕೂ ಸುಸ್ತಾದಳು. ಅಪ್ಪ ನಗಲಿಲ್ಲ. ತುಟಿಯ ಮೇಲೆ ಬೆರಳಾಡಿಸುತ್ತಾ, "ಆ ಹುಡುಗ ಈಗ ಎಲ್ಲಿದ್ದಾನೆ, ಸುಹೇಲಾ?" ಎಂದ.

"ಅಲ್ಲೇ ಇದ್ದಾನಪ್ಪ. ಅವನ ಮಕ್ಕಳು ಶಾಲೆಗೆ ಹೋಗ್ತಾರಂತೆ."

ನಾನು ಅಪ್ಪನ ಲೋಟಕ್ಕೆ ಟೀ ಬಗ್ಗಿಸಿದೆ. ಅಪ್ಪ ಅದನ್ನು ಮುಟ್ಟಲಿಲ್ಲ.

"ಮೀಸೆ ಹೋಗೋದು ಅಂದ್ರೆ ಇಷ್ಟೇನಾ?" ಎಂದ. "ನೋವೇ ಆಗ್ಲಿಲ್ವಲ್ಲೇ."