ಗಾಳಿಬಿಡುವು ಮತ್ತು ಆರು ಗಂಟೆಯ ತರಗತಿ

ಕಪ್ಪತಗುಡ್ಡ, ಏಳನೆಯ ಕಂಬಸಾಲು
ಫೆಬ್ರುವರಿ ಮೂವತ್ತು, 2187

ಪ್ರೀತಿಯ ಅನ್ನಪೂರ್ಣಾ,

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಇಟ್ಟಿದ್ದೇವೆ. ನಿನ್ನನ್ನು ಏನೆಂದು ಕರೆಯಬೇಕೆಂದು ಎರಡು ದಿನ ಯೋಚಿಸಿದೆ. ವಯಸ್ಸು ಹಿಡಿದರೆ ನೀನು ಹದಿನೆಂಟರ ಹುಡುಗಿ, ನಾನು ನಲವತ್ತೊಂದರವಳು. ಕಾಲ ಹಿಡಿದರೆ ನೀನು ನನ್ನ ಮುತ್ತಜ್ಜಿಗೂ ಹಿರಿಯಳು. ಏಕವಚನ ತಪ್ಪಾಗಿದ್ದರೆ ಕ್ಷಮಿಸು. ನಿನಗೆ ಅರ್ಥವಾಗದ ಮಾತುಗಳು ನಡುವೆ ಬರಬಹುದು, ಅದಕ್ಕೂ ಕ್ಷಮಿಸು. ನಾನು ಶಾಲೆ ಕಲಿತದ್ದು ತುಂಡು ತುಂಡಾಗಿ.

ನಮ್ಮ ಕಾಲೇಜಿನಲ್ಲಿ ಹೊಸದಾಗಿ ಸೇರಿದವರಿಗೆ ಒಂದೊಂದು ಹಳೆಯ ವೇಳಾಪಟ್ಟಿ ಕೊಟ್ಟು, ಅದನ್ನು ಬರೆದವರಿಗೆ ಪತ್ರ ಬರೆಯಿಸುತ್ತಾರೆ. ಪತ್ರ ಹೇಗೆ ತಲುಪುತ್ತದೆಂದು ಕೇಳಿದರೆ, ಬರೆಯುವುದು ನಿಮ್ಮ ಕೆಲಸ ಎನ್ನುತ್ತಾರೆ. ನನಗೆ ಬಂದದ್ದು ನಿನ್ನ ಪಟ್ಟಿ. ಹಾಸ್ಟೆಲ್ಲಿಗೆ ಬಂದ ಮೊದಲ ವಾರ ಬರೆದದ್ದಿರಬೇಕು. ನಾಲ್ಕೂವರೆಗೆ ಏಳುವುದು, ಸ್ನಾನಕ್ಕೆ ಏಳು ನಿಮಿಷ, ಐದಕ್ಕೆ ಗಣಿತ. ಹಸಿರು ಪೆನ್ನಿನ ಗೆರೆಗಳ ನಡುವೆ ಮಲಗುವ ತನಕ ಒಂದು ಚೌಕವೂ ಖಾಲಿಯಿಲ್ಲ. ನೋಡಿ ನನಗೆ ಅಳು ಬಂತು. ನಾನೂ ಹಾಗೆಯೇ ಬರೆದಿದ್ದೆ, ಅದರಿಂದ ಸೀಟು ಕಳೆದುಕೊಳ್ಳುವುದರಲ್ಲಿದ್ದೆ.

ನಮ್ಮದು ಗಾಳಿಕಂಬದ, ನೀವು ಗಾಳಿಯಂತ್ರ ಎನ್ನುವುದರ, ದುರಸ್ತಿಯ ಮನೆತನ. ರೆಕ್ಕೆ ತಿರುಗುವಾಗ ಕಂಬ ಹತ್ತುವಂತಿಲ್ಲ, ಗಾಳಿ ತಾನಾಗಿ ಬಿದ್ದಾಗಲೇ ಹತ್ತಬೇಕು. ಆ ಹೊತ್ತಿಗೆ ನಾವು ಗಾಳಿಬಿಡುವು ಎನ್ನುತ್ತೇವೆ. ಅದು ಒಂದು ದಿನ ಬೆಳಗಿನ ಐದಕ್ಕೆ ಬರುತ್ತದೆ, ಒಂದು ದಿನ ಊಟದ ನಡುವೆ. ಬಂದಾಗ ತಟ್ಟೆ ಬಿಟ್ಟು ಓಡಬೇಕು. ನಮ್ಮ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ನನ್ನ ಅವ್ವ ಕಳಕವ್ವ ಐವತ್ತು ವರ್ಷ ಕಂಬ ಹತ್ತಿದವಳು. ಕೆಲಸ ಮುಗಿದಂತೆ ಅವಳ ಹಿಂದೆ ಗುಡ್ಡದಿಂದ ಗುಡ್ಡಕ್ಕೆ ಹೋಗುತ್ತಿದ್ದೆ, ಹೋದಲ್ಲೆಲ್ಲ ಹೊಸ ಶಾಲೆ. ಭಿನ್ನರಾಶಿಯನ್ನು ಮೂರು ಊರುಗಳಲ್ಲಿ ಕಲಿಸಿದರು. ದೊಡ್ಡ ಭಾಗಾಕಾರ ಯಾರೂ ಕಲಿಸಲಿಲ್ಲ, ನಾನು ಬರುವ ಮೊದಲೇ ಎಲ್ಲ ಕಡೆಯೂ ಅದು ಮುಗಿದಿರುತ್ತಿತ್ತು. ಏಳು ಶಾಲೆಗಳಾದ ಮೇಲೆ ಬಿಟ್ಟೇಬಿಟ್ಟೆ. ಈಗ ಅವ್ವ ಸೊಂಟ ಮುರಿದು ಹಾಸಿಗೆ ಹಿಡಿದಿದ್ದಾಳೆ. ಕಿವಿ ಮಾತ್ರ ಚುರುಕು. ರೆಕ್ಕೆಗಳ ಸದ್ದು ಇಳಿಯುವುದು ಊರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. "ನೀಲೀ, ಗಾಳಿ ಬಿತ್ತ, ಏಳ" ಎನ್ನುತ್ತಾಳೆ, ನಾನು ಏಳುತ್ತೇನೆ.

ಕಾಲೇಜು ಗುಡ್ಡದ ಬುಡದಲ್ಲಿದೆ. ಆರಕ್ಕೆ ತರಗತಿ ಶುರುವಾಗಿ ಹತ್ತಕ್ಕೆ ಬಿಡುತ್ತದೆ. ನಾನು ಗುಡ್ಡ ಹತ್ತಿ ಮನೆ ಸೇರುವಷ್ಟರಲ್ಲಿ ಬಿಸಿಲುಮುಚ್ಚು, ಅಂದರೆ ಸುಡುವ ಬಿಸಿಲಿಗೆ ಸಂಜೆ ನಾಲ್ಕರವರೆಗೆ ಯಾರೂ ಹೊರಗೆ ತಿರುಗುವ ಹಾಗಿಲ್ಲ. ಮೊದಲ ತಿಂಗಳಲ್ಲಿ ಮೂರು ದಿನ ತಪ್ಪಿಸಿದರೆ ಸೀಟು ಮುಂದಿನವರಿಗೆ ಹೋಗುತ್ತದೆ. ಜತೆಗೆ ಒಂದು ಪದ್ಧತಿಯಿದೆ. ಹೊಸ ವಿದ್ಯಾರ್ಥಿ ತನ್ನ ಹೊತ್ತಿನ ಹಾಳೆಯನ್ನು, ನೀನು ವೇಳಾಪಟ್ಟಿ ಎನ್ನುವುದನ್ನು, ಮನೆಯವರ ಮುಂದೆ ಗಟ್ಟಿಯಾಗಿ ಓದಬೇಕು. ಕೇಳಿದವರು ಹೆಬ್ಬೆಟ್ಟು ಒತ್ತಬೇಕು. ನಾವು ಕಾಲೇಜಿಗೆ ಒಯ್ಯುವುದು ಅವರ ಪಾಲಿನ ಹೊತ್ತನ್ನು ತಾನೇ.

ನಾನು ಮಗಳಿಗೆ ಮಾತ್ರ ಓದಿದೆ. ಅವ್ವನಿಗೆ ಕಾಲೇಜಿನ ಸುದ್ದಿಯನ್ನೇ ಹೇಳಿರಲಿಲ್ಲ, ಸಾಮಾನು ತರಲು ಇಳಿಯುತ್ತೇನೆ ಎಂದಿದ್ದೆ. ಈ ವಯಸ್ಸಿನಲ್ಲಿ ಕಾಲೇಜು ಸೇರಿದೆ ಎಂದರೆ, ಅಂದು ಶಾಲೆ ಬಿಡಿಸಿದ್ದಕ್ಕೆ ಹಾಸಿಗೆಯಲ್ಲಿದ್ದವಳ ಮೇಲೆ ದೂರು ಹೇಳಿದಂತೆ ಆಗುವುದಿಲ್ಲವೇ? ನನಗೆ ಆ ಭಯವಿತ್ತು. ಮಗಳು ಬನಶ್ರೀಗೆ ಇಪ್ಪತ್ತು ವರ್ಷ, ಅವಳಿಗೆ ಯಾವ ಭಯವೂ ಇಲ್ಲ. ಹಾಳೆಯಲ್ಲಿ ಅಜ್ಜಿಯ ಗಂಜಿಯ ಹೊತ್ತು ಕೇಳಿ ನಕ್ಕಳು. "ಯವ್ವಾ, ಆಯಿಗೆ ಗಂಜಿ ಕುಡಿಸೋದು ಮುಗಿಯೋದ ಆರಕ್ಕ. ಕ್ಲಾಸೂ ಆರಕ್ಕ. ಗುಡ್ಡ ಇಳ್ಯಾಕ ಮುಕ್ಕಾಲ ತಾಸು ಬೇಕು. ಹಾರಿ ಹೋಗಾಕಿ ಏನ ನೀ?" ನಡೆಯುವ ಹೊತ್ತನ್ನು ನಾನು ಬರೆದೇ ಇರಲಿಲ್ಲ. ನಿನ್ನ ಪಟ್ಟಿಯಲ್ಲೂ ಅದಿಲ್ಲ ಅನ್ನಪೂರ್ಣಾ, ನೋಡಿಕೋ.

ಅದನ್ನು ತಿದ್ದಿದೆ. ಗಾಳಿಯನ್ನು ಹೇಗೆ ತಿದ್ದಲಿ? ಮೊದಲ ಸೋಮವಾರ ಚೀಲ ಹೆಗಲಿಗೆ ಹಾಕಿದ್ದೆ, ಅವ್ವ ಕೂಗಿದಳು. ಚೀಲ ಇಟ್ಟು ಕಂಬ ಹತ್ತಿದೆ. ಅರ್ಧ ಹತ್ತಿದ ಮೇಲೆ ನೆನಪಾಯಿತು, ನಾನು ಈಗ ವಿದ್ಯಾರ್ಥಿನಿ ಎಂದು. ಶುಕ್ರವಾರ ಮತ್ತೆ ಹಾಗೆಯೇ ಆಯಿತು. ಎರಡು ಗೈರು. ಶನಿವಾರ ಗಣಿತದ ಮಾಸ್ತರರು, ಫಕೀರೇಶ ಎಂದು, ನನಗಿಂತ ತುಂಬ ಚಿಕ್ಕವರು, ನನ್ನ ಹಾಳೆ ಹಿಂದಕ್ಕೆ ಕೊಟ್ಟರು.

"ಬಾಯಾರ, ಮನ್ಯಾಗ ನಿಮ್ಮನ್ನ ಬಿಟ್ಟು ಇಬ್ಬರು. ಹೆಬ್ಬೆಟ್ಟು ಒಂದ ಐತಲ್ರೀ."

ಅವ್ವನಿಗೆ ಕಿವಿ ಕೇಳಿಸುವುದಿಲ್ಲ, ಓದಿ ಏನು ಪ್ರಯೋಜನ ಎಂದುಬಿಟ್ಟೆ.

"ಹಂಗಾರ ಗಾಳಿ ಬಿದ್ದದ್ದು ದಿನಾ ನಿಮಗ ಹೇಳೋರು ಯಾರ್ರೀ?"

ಹಾಳೆ ತೆಗೆದುಕೊಂಡೆ. ಎರಡೂ ಸಲ ಗೈರಿಗೆ ಕಾರಣ ಕೇಳಿದಾಗ ಅವ್ವ ಎಬ್ಬಿಸಿದಳೆಂದು ನಾನೇ ಬರೆದುಕೊಟ್ಟಿದ್ದೆ.

ಆ ದಿನ ಬಿಸಿಲುಮುಚ್ಚಿನಲ್ಲಿ ಅವ್ವನ ಪಕ್ಕ ಕುಳಿತು ಓದಿದೆ. ಅವಳ ಗಂಜಿಯ ಹೊತ್ತು ಬಂದಾಗ ಮೆಲ್ಲಗೆ ಓದಿದೆ, ಅವಳು ಮತ್ತೊಮ್ಮೆ ಓದಿಸಿದಳು. ಕಣ್ಣು ಮುಚ್ಚಿಕೊಂಡೇ ಇದ್ದಳು.

"ಸಾಮಾನ ತರಾಕ ಹೋಗಾಕಿ ದಿನಾ ಬರಿಗೈಲೆ ಬರ್ತಿದ್ದಿ. ಯಾವನರ ಸಿಕ್ಕಾನ ಅಂತ ತಿಳ್ಕೊಂಡಿದ್ದೆ ನಾ."

ಬನಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ನಗಲಿಲ್ಲ. ಕಣ್ಣು ತೆರೆದು ಹಾಳೆಗೆ ಕೈ ಚಾಚಿದಳು.

"ಏಳು ಸಾಲಿ ಬಿಡಿಸೀನಿ ನಿನಗ. ನಾ ಮರ್ತಿಲ್ಲ. ಎಂಟನೇದ್ದು ಬಿಡಸಾಕಿ ಅಲ್ಲ ನಾ. ಎಲ್ಲಿ ಒತ್ತಬೇಕು, ತೋರಸು."

"ಮುಂಜಾನಿ ಗಾಳಿ ಬಿದ್ರ ನಾ ಹತ್ತತೀನಿ," ಎಂದಳು ಬನಶ್ರೀ. "ನೀ ಇಳಿ."

ಇವತ್ತು ಬೆಳಗ್ಗೆ ನಾನು ತಲೆ ಬಾಚುತ್ತಿದ್ದಾಗ ಗಾಳಿ ಬಿತ್ತು. ರೆಕ್ಕೆಗಳು ಒಂದೊಂದಾಗಿ ನಿಲ್ಲುವುದು ನನಗೂ ಕೇಳಿಸಿತು. ಅವ್ವನ ಕಡೆ ತಿರುಗಿದೆ. ಅವಳ ಕಣ್ಣು ತೆರೆದಿತ್ತು, ಬಾಯಿಗೆ ಸೆರಗು ಒತ್ತಿ ಹಿಡಿದುಕೊಂಡಿದ್ದಳು. ಐವತ್ತು ವರ್ಷದ ರೂಢಿಯ ಕೂಗು, ಅದನ್ನು ಹಾಗೆ ತಡೆದುಕೊಂಡಿದ್ದಳು. ಮಗಳು ತಾನಾಗಿ ಎದ್ದು ಹೋದಳು. ನಾನು ಗುಡ್ಡ ಇಳಿದೆ. ಕಂಬ ಹತ್ತಿದ ಮಗಳ ಸೊಂಟದ ಹಗ್ಗ ಸರಿಯಾಗಿ ಬಿಗಿದಿದೆಯೋ ಇಲ್ಲವೋ ಎಂದು ಎಷ್ಟು ಸಲ ಹಿಂದೆ ನೋಡಿದೆನೋ. ಆದರೂ ತರಗತಿಗೆ ನಾಲ್ಕು ನಿಮಿಷ ಮೊದಲೇ ಮುಟ್ಟಿದೆ. ಆ ನಾಲ್ಕು ನಿಮಿಷದಲ್ಲಿ ಏನು ಮಾಡಬೇಕೆಂದು ತಿಳಿಯದೆ ಬೆಂಚಿನ ಮೇಲೆ ಕೈಕಟ್ಟಿ ಕುಳಿತಿದ್ದೆ.

ನನ್ನದೊಂದು ಕೋರಿಕೆ. ಪಟ್ಟಿಯನ್ನು ಗೋಡೆಗೆ ಅಂಟಿಸುವ ಮೊದಲು ಮನೆಗೆ ಫೋನ್ ಮಾಡಿ ಪೂರ್ತಿ ಓದಿ ಹೇಳು. ಅವರು ನಗಲಿ, ಬೈಯಲಿ. ನಿನಗೋಸ್ಕರ ಯಾರು ಏನು ಬಿಟ್ಟುಕೊಡುತ್ತಾರೆ ಎಂಬುದು ಒಬ್ಬಳೇ ಕುಳಿತು ಗೆರೆ ಎಳೆದರೆ ಗೊತ್ತಾಗುವುದಿಲ್ಲ. ನಾನು ಅದನ್ನು ನಲವತ್ತೊಂದಕ್ಕೆ ತಿಳಿದೆ. ನೀನು ಹದಿನೆಂಟಕ್ಕೇ ತಿಳಿದುಕೊಂಡರೆ ನನಗೆ ಒಂದು ಚಿಂತೆ ಕಡಿಮೆ.

ಇದನ್ನು ಬರೆಯುವಾಗ ಅವ್ವ ಪಕ್ಕದಲ್ಲಿ ಎಚ್ಚರವಾಗಿದ್ದಾಳೆ. ಹೊರಗೆ ಬಿಸಿಲಿನಲ್ಲಿ ಗಾಳಿ ಈಗಷ್ಟೇ ಏಳುತ್ತಿರಬೇಕು. ಅವಳು ಕತ್ತು ಎತ್ತಿ, ಅದನ್ನು ಹೇಳಬಹುದೋ ಬಾರದೋ ಎಂದು ನನ್ನ ಮುಖ ನೋಡುತ್ತಿದ್ದಾಳೆ. ಈಗ ತರಗತಿಯಿಲ್ಲ, ಹೇಳು ಎಂದೆ.

ನಿನ್ನ,
ನೀಲಗಂಗಾ
ಒಂದನೆಯ ವರ್ಷ