ಗುಣವಾಗುವ ತನಕ

ಬ್ರಹ್ಮಾವರ ಹಾಸ್ಟೆಲ್,
೧೨ ಆಗಸ್ಟ್ ೨೦೧೬

ಪ್ರೀತಿಯ ಅಮ್ಮ,

ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀ, ನನಗೂ ಟೆನ್ಷನ್ ಆಗುತ್ತದೆ. ಅದಕ್ಕೇ ಪತ್ರ. ತಮ್ಮ ಅಶೋಕ ಓದಿ ಹೇಳಲಿ, ಅಜ್ಜಿಯೂ ಪಕ್ಕದಲ್ಲಿ ಕೂತಿರಲಿ.

ನನ್ನ ಮೈಮೇಲಿನ ದದ್ದು, ತುರಿಕೆಗೆ ಕಾರಣ ಸಿಕ್ಕಿದೆ. ನಮ್ಮ ರಕ್ತದಲ್ಲಿ ರೋಗ ಬಾರದಂತೆ ಕಾಯುವ ಸೆಲ್‌ಗಳಿರುತ್ತವೆ. ಅಂಥ ಒಂದು ಸೆಲ್ ಎರಡಾಗುವಾಗ ಅದರ ಜೀನ್‌ನಲ್ಲಿ ಸಣ್ಣ ಮಿಸ್ಟೇಕ್ ಆಗಿದೆಯಂತೆ. ಅದರಿಂದ ಹುಟ್ಟಿದ ಸೆಲ್‌ಗಳೆಲ್ಲ ಈಗ ನನ್ನ ಚರ್ಮದ ಮೇಲೇ ಜಗಳಕ್ಕೆ ಬಂದಿವೆ. ಯಾರಿಗೂ ಅಂಟುವುದಿಲ್ಲ. ದಿನಾ ಮಾತ್ರೆ ತಗೊಂಡರೆ ಕಂಟ್ರೋಲಿನಲ್ಲಿರುತ್ತದೆ.

ನಾಚಿಕೆಯಾದರೂ ಡಾಕ್ಟರಿಗೆ ನಿನ್ನ ಬಗ್ಗೆ ಅಜ್ಜಿ ಆಡುವ ಮಾತು ಹೇಳಿದೆ: "ಬಸ್ರಿ ಇಪ್ಪೊತ್ತಿಗೆ ಅವ್ಳ್ ತೊರ್ಕಿ ಮೀನ್ ತಿಂದದ್ದಲ್ದಾ, ಆ ನಂಜೇ ಹೆಣ್ಣಿನ್ ಮೈಗ್ ಹತ್ತದ್ದ್." ಅವರು ನಗಲಿಲ್ಲ. "ಇದ್ ನೀನ್ ಹುಟ್ಟಿದ್ ಮೇಲೆ ನಿನ್ನೊಳಗೇ ಆದದ್ದ್ ಮಾರಾಯ್ತಿ. ಅಮ್ಮಂದ್ ಎಂತದೂ ತಪ್ಪಿಲ್ಲ" ಎಂದರು. ಅಶೋಕ, ಇದನ್ನು ಇನ್ನೊಮ್ಮೆ ಜೋರಾಗಿ ಓದು.

ನನಗೆ ಗುಣವಾಗುವ ತನಕ ಮೀನು ತಿನ್ನುವುದಿಲ್ಲ ಎಂದು ನೀನು ಹರಕೆ ಹೊತ್ತಿದ್ದೀ. ಕುಂದಾಪುರ ಮಾರ್ಕೆಟಿನಲ್ಲಿ ದಿನವಿಡೀ ಮೀನು ಮಾರಿ, ಮನೆಗೆ ಬಂದು ಉಪ್ಪಿನಕಾಯಿಯಲ್ಲಿ ಉಣ್ಣುತ್ತೀ. ಆದರೆ ಅಮ್ಮ, ಇದು ಪೂರ್ತಿ ಹೋಗುವ ಕಾಯಿಲೆ ಅಲ್ಲ. ಮಾತ್ರೆ ಜೊತೆ ನಾನು ಆರಾಮಾಗಿರುತ್ತೇನೆ, ಅಷ್ಟೇ. ಹಾಗೆ ನೋಡಿದರೆ ನಿನ್ನ ಹರಕೆಗೆ ಕೊನೆಯೇ ಇಲ್ಲ. ದೇವಸ್ಥಾನಕ್ಕೆ ಹೋಗಿ, ತಪ್ಪುಕಾಣಿಕೆ ಹಾಕಿ, ಅದನ್ನು ಬಿಟ್ಟುಬಿಡು.

ಭಾನುವಾರ ಬರುತ್ತೇನೆ. ಬಂಗುಡೆ ಸಾರು ಮಾಡು. ಮೊದಲು ನೀನು ಬಡಿಸಿಕೋ. ನೀನು ಒಂದು ತುತ್ತು ತಿನ್ನುವವರೆಗೆ ನಾನೂ ತಟ್ಟೆ ಮುಟ್ಟದೆ ಕೂತಿರುತ್ತೇನೆ.

ನಿನ್ನ ಮಗಳು,
ಚಂದನಾ