ಸೀನು ತಡೆಯಬಾರದು

೯ ಜೂನ್, ಸೋಮವಾರ

ಮತ್ತೆ ಬಚ್ಚಲಿಗೆ ಓಡಿದೆ. ನೀತಾ ಕೆಲಸಕ್ಕೆ ಹೊರಡುವ ಹೊತ್ತು. ನಲ್ಲಿ ಜೋರಾಗಿ ಬಿಟ್ಟು, ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. ಆದರೂ ಒಂದು ಸೀನು ತಪ್ಪಿಸಿಕೊಂಡಿತು. ಒಂದೇ.

ಹೊರಗೆ ಅತ್ತೆಯ ದನಿ: “ಏ ನೀತಾ, ಕೂಡು. ಒಂಟಿ ಸೀನ ಬಿತ್ತು. ಎರಡ ಗುಟುಕ ನೀರ ಕುಡದು ಹೋಗು.”

“ಅಜ್ಜೀ, ದಿನಾ ಹಿಂಗ ಕುಂತ್ರ ಕಂಪನಿಯವ್ರು ಖಾಯಂ ಮನ್ಯಾಗ ಕೂಡಸ್ತಾರ.” ಆಮೇಲೆ ಬಚ್ಚಲ ಬಾಗಿಲು ಬಡಿದಳು. “ಅವ್ವಾ, ಇನ್ನೊಂದ ಸೀನ್ ಬಿಡು. ಜೋಡಿ ಆತಂದ್ರ ನಾ ಹೊಂಟೆ!”

ಎರಡನೆಯದು ಬರಲಿಲ್ಲ. ಕೂತು, ನೀರು ಕುಡಿದೇ ಹೋದಳು. ನಮ್ಮ ಹಡಪಸರದಿಂದ ಅವಳ ಕಂಪನಿಯಿರುವ ವಿಮಾನ ನಗರದವರೆಗೆ ಸ್ಕೂಟಿ, ಆ ಟ್ರಾಫಿಕ್ಕು... ಯಜಮಾನರು ತೀರಿಕೊಂಡ ಮೇಲೆ ಮಗಳನ್ನು ಒಂದು ದಿನವೂ ಬಾಗಿಲಲ್ಲಿ ನಿಂತು ಕಳಿಸಿಲ್ಲ.

೧೨ ಜೂನ್

ಇಲ್ಲಿಯಾದರೂ ಬರೆದಿಡುತ್ತೇನೆ. ದೀಪಾವಳಿ ಮುಗಿದ ವಾರ. ನನ್ನ ಯಜಮಾನರು ಆಫೀಸಿಗೆ ಹೊರಟಾಗ ಸೀನಿದೆ. ಅತ್ತೆ ಊರಿಗೆ ಹೋಗಿದ್ದರು. ಸೀನಿನ ಸುದ್ದಿ ಅವರಿಗೆ ಅಳುತ್ತ ಹೇಳಿದವಳು ನಾನೇ. ಮಗ ನಿಲ್ಲದೆ ಹೋದ, ಅದಕ್ಕೇ ಹಾಗಾಯಿತು ಎಂದು ಅವರು ತಿಳಿದಿದ್ದಾರೆ.

ಆದರೆ ಯಜಮಾನರು ನಿಂತಿದ್ದರು. ಬೂಟು ಹಾಕಿಕೊಂಡೇ ಹೊಸ್ತಿಲ ಬಳಿ ಕೂತರು. ನೀರು ತರಿಸಿಕೊಂಡು ಕುಡಿದರು. ಆಮೇಲೆ ಹೋದರು. ತಿರುವಿನಲ್ಲಿ ಟ್ಯಾಂಕರ್ ಗುದ್ದಿತು.

ಕೂರದಿದ್ದರೆ ಅದು ಬರುವ ಮೊದಲೇ ದಾಟಿರುತ್ತಿದ್ದರು. ದಿನವೂ ಇದೇ ಲೆಕ್ಕ. ಯಾರಿಗೂ ಹೇಳಿಲ್ಲ.

ಈ ಮೂಗಿನದೊಂದು ಮುಗಿಸಬೇಕು. ಎಷ್ಟು ಕಷ್ಟವಾದರೂ ಸರಿ.

೨೮ ಜೂನ್, ಶನಿವಾರ

ನೀತಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರ್ ಹೆಂಗಸು. ಮರಾಠಿಯಲ್ಲಿ ನಿಧಾನವಾಗಿ ತಿಳಿಸಿದರು. ಸ್ಕ್ಯಾನ್ ತೋರಿಸಿದರು. ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇರುತ್ತದಂತೆ. ಮುಂದೆ ಮೆತ್ತನೆಯ ಎಲುಬು, ಹಿಂದೆ ಗಟ್ಟಿ. ನನ್ನದು ಎಡಕ್ಕೆ ವಾಲಿದೆ. ಹುಟ್ಟಿನಿಂದ ಇರಬಹುದು, ಚಿಕ್ಕಂದಿನಲ್ಲಿ ಬಿದ್ದು ಆಗಿರಬಹುದು. ಬಾಯಲ್ಲಿ ಉಸಿರಾಡುವುದು, ಎದ್ದಕೂಡಲೇ ಗಂಟಲು ಒಣಗುವುದು — ಎಲ್ಲ ಅದರಿಂದ.

ಹೊರಗೆ ಗಾಯ ಕಾಣುವುದಿಲ್ಲ. ಒಳಗಿನಿಂದಲೇ ಮೇಲಿನ ಪೊರೆ ಎತ್ತಿ, ಸೊಟ್ಟಗಿರುವಷ್ಟನ್ನು ತೆಗೆದು, ಉಳಿದದ್ದನ್ನು ನೇರ ಮಾಡಿ, ಪೊರೆ ಮತ್ತೆ ಕೂರಿಸಿ ಹೊಲಿಯುತ್ತಾರೆ. ಅರ್ಥವಾಯಿತು. ಬ್ಲೌಸಿನ ಅಸ್ತರು ಬಿಚ್ಚಿ ಒಳಗಿನದನ್ನು ಸರಿಮಾಡಿ ಮತ್ತೆ ಹೊಲಿದ ಹಾಗೆ. ಅದೇ ತಾನೇ ನನ್ನ ಕೆಲಸ.

ಸೀನು ನಿಲ್ಲುತ್ತದಲ್ಲ, ಎಂದು ಕೇಳಿದೆ.

ಇಲ್ಲವಂತೆ. ಸೀನು ಅಲರ್ಜಿಯದು, ಬಟ್ಟೆಯ ಧೂಳಿನದು. ಸ್ಪ್ರೇ ಕೊಡುತ್ತಾರೆ, ಕಡಿಮೆಯಾಗಬಹುದು. ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರರು. ಆಪರೇಶನ್ ಉಸಿರಿಗೆ ಮಾತ್ರ.

ಆಟೋದಲ್ಲಿ ನೀತಾ, “ಹಂಗಾರ ಬ್ಯಾಡ ಬಿಡವಾ,” ಅಂದಳು.

ಸ್ಕ್ಯಾನ್ ಲಕೋಟೆಯನ್ನು ಮಡಿಲಲ್ಲಿ ಸರಿಮಾಡಿಟ್ಟುಕೊಂಡೆ. ಆಮೇಲೆ, “ಮಾಡಸ್ತೀನಿ. ಉಸಿರರ ನೆಟ್ಟಗಾಗಲಿ,” ಅಂದೆ.

೨ ಜುಲೈ

ಅತ್ತೆ: “ಆಷಾಢದಾಗ ಯಾರರ ಮೂಗ ಕೊಯ್ಸಿಕೊಳ್ತಾರೇನ? ಮಂದಿ ಏನಂದಾರು?”

“ಮಂದಿ ಮೂಗಿಲೆ ನಾ ಉಸರಾಡಂಗಿಲ್ರಿ, ಅತ್ತೀ.”

ಇಷ್ಟು ವರ್ಷದಲ್ಲಿ ಮೊದಲ ಸಲ ಎದುರು ಮಾತು. ಅತ್ತೆ ನನ್ನನ್ನೇ ನೋಡಿದರು. ನಾನು ಮಷಿನ್ ತುಳಿಯುತ್ತ ಕೂತೆ.

೮ ಜುಲೈ. ಆಸ್ಪತ್ರೆ

ಉಪವಾಸ. ಹಸಿರು ಗೌನು. ಸಿಸ್ಟರ್ “ಘಾಬರೂ ನಕಾ, ತಾಈ,” ಅನ್ನುತ್ತಾಳೆ. ಹೆದರಬೇಡಿ ಅಂದರೂ ಹೆದರಿಕೆ ಇದೆ. ಆದರೂ ಹೋಗುತ್ತೇನೆ. ಕರೆದರು —

೧೦ ಜುಲೈ

ಮೂಗಿನಲ್ಲಿ ತುಂಬಿದ್ದ ಪ್ಯಾಕ್ ಎಳೆದು ತೆಗೆದರು. ಕಣ್ಣಲ್ಲಿ ನೀರು. ಇನ್ನೂ ಊತ ಇದೆ, ಗಾಳಿ ಸರಾಗವಾಗಲು ಕೆಲವು ವಾರ ಬೇಕು. ತಲೆ ಎತ್ತರ ಮಾಡಿ ಮಲಗಬೇಕು. ಮೂಗು ಸೀಟಬಾರದು, ಬಗ್ಗಬಾರದು, ಭಾರ ಎತ್ತಬಾರದು. ಉಪ್ಪುನೀರಿನಲ್ಲಿ ತೊಳೆಯಬೇಕು.

“ಸೀನು ಬಂದರೆ ತಡೆಯಬಾರದು,” ಎಂದರು ಡಾಕ್ಟರ್. “ಬಾಯಿ ಅಗಲವಾಗಿ ತೆರೆದು ಬಿಟ್ಟುಬಿಡಿ. ತಡೆದರೆ ರಕ್ತ ಬರುತ್ತದೆ.”

ಪಕ್ಕದಲ್ಲಿ ಅತ್ತೆ ನಿಂತಿದ್ದರು. ಕೇಳಿಸಿಕೊಂಡರು.

೧೪ ಜುಲೈ, ಸೋಮವಾರ

ನೀತಾಳ ರಜೆ ಮುಗಿಯಿತು. ಬಾಗಿಲಿಗೆ ಬಂದು ನಿಂತೆ. ಬೇಕೆಂದೇ ನಿಂತೆ.

ಬಂದೇಬಿಟ್ಟಿತು. ಬಾಯಿ ತೆರೆದೆ. ಇಡೀ ಕಟ್ಟಡಕ್ಕೆ ಕೇಳುವಂಥದ್ದು. ಒಂದೇ.

ನೀತಾ ಹೆಲ್ಮೆಟ್ ತೊಡೆಯ ಮೇಲಿಟ್ಟು ತಾನಾಗಿಯೇ ಕೂತಳು. ಅತ್ತೆ ನೀರು ತರಲು ಒಳಗೆ ಹೋದರು.

“ಏಳು. ಹೋಗು,” ಅಂದೆ.

ಅತ್ತೆ ಲೋಟ ಹಿಡಿದು ಬಂದರು. “ತಲಿಗಿಲಿ ಕೆಟ್ಟದೇನ ನಿಂದು? ಅವಾ ನಿಲ್ಲದ ಹೋಗಿ ಏನಾತು, ಮರತೇನ?”

“ನಿಂತಿದ್ರು, ಅತ್ತೀ. ಕುಂತಿದ್ರು. ನೀರೂ ಕುಡದಿದ್ರು.”

ಅತ್ತೆ ಲೋಟವನ್ನು ಹೊಸ್ತಿಲ ಪಕ್ಕ ಇಟ್ಟರು. ಕೊನೆಗೆ ನೀತಾಳತ್ತ ತಿರುಗಿ, “ಸಾವಕಾಶ ಹೋಗವಾ,” ಅಂದರು. ಹೋದಳು. ಕಾಣುವವರೆಗೆ ನೋಡಿದೆ.

ಅದೇ ದಿನ, ಸ್ವಲ್ಪ ಹೊತ್ತಿನ ಮೇಲೆ

ಆಫೀಸು ಮುಟ್ಟಿದೆ ಎಂದು ನೀತಾಳ ಮೆಸೇಜ್ ಬಂತು. ಓದಿ ಹೇಳಿದೆ. ಅತ್ತೆ ತಲೆಯಾಡಿಸಿದರು, ಎದ್ದು ಹೋಗಲಿಲ್ಲ. ನಾನು ಬರೆಯುವುದನ್ನೇ ನೋಡುತ್ತ ಪಕ್ಕದಲ್ಲಿ ಕೂತಿದ್ದಾರೆ.

ಈಗ ಕೇಳಿದರು: “ಕುಂತಾಗ ಏನರ ಮಾತಾಡಿದ್ನೇನ ಅವಾ?”

ಆಡಿದ್ದರು. ನಕ್ಕಿದ್ದರು ಕೂಡ. ಅತ್ತೆಗೆ ಹೇಳಬೇಕು, ಮೊದಲಿನಿಂದ —